ಯಂತ್ರಹೃದಯವನ್ನು ಅರಿತ ಸಾರಥಿ

ನಳಮಹಾರಾಜನ ಕಥೆಯನ್ನು ನೀವೆಲ್ಲರೂ ಕೇಳಿದ್ದೀರಿ. ರಾಜ್ಯವನ್ನೂ ರೂಪವನ್ನೂ ಕಳೆದುಕೊಂಡ ಅವನು ಬಾಹುಕನೆಂಬ ಹೆಸರಿನಿಂದ ಋತುಪರ್ಣರಾಜನ ಬಳಿ ಸಾರಥಿಯಾಗಿದ್ದನು. ಒಂದೇ ದಿನದಲ್ಲಿ ವಿದರ್ಭವನ್ನು ಸೇರಬೇಕೆಂದು ಅರಸನು ಆಜ್ಞಾಪಿಸಿದಾಗ, ಬಾಹುಕನು ನೋಡಲು ಬಡಕಲಾದ ಕುದುರೆಗಳನ್ನೇ ಆರಿಸಿ ರಥಕ್ಕೆ ಕಟ್ಟಿದನು. ಅರಸನಿಗೆ ಅಸಮಾಧಾನವಾಯಿತು. ಆದರೆ ರಥವು ಗಾಳಿಯಂತೆ ಸಾಗಿತು. ಚಾವಟಿಯ ಬಲದಿಂದ ಸಾಗಿದುದಲ್ಲ ಅದು. ನಳನಿಗೆ ಅಶ್ವಹೃದಯವೆಂಬ ವಿದ್ಯೆ ತಿಳಿದಿದ್ದಿತು. ಕುದುರೆಯ ಮನಸ್ಸನ್ನು ಅರಿತವನಿಗೆ ಚಾವಟಿಯ ಅವಶ್ಯಕತೆ ಅಷ್ಟಾಗಿ ಬೀಳುವುದಿಲ್ಲ.

ಕುದುರೆಯ ಕಾಲ ಹೋಗಿ ಮೋಟಾರಿನ ಕಾಲ ಬಂದ ಮೇಲೆಯೂ ಈ ಮಾತು ಸುಳ್ಳಾಗಲಿಲ್ಲ. ಮುಂಬಯಿಯಿಂದ ನಾಸಿಕಕ್ಕೆ ಬಸ್ಸಿನಲ್ಲಿ ಹೋದವರು ಕಸಾರಾ ಘಾಟನ್ನು ಏರಿರುತ್ತಾರೆ. ಅಲ್ಲಿಂದ ಮುಂದೆ ಛತ್ರಪತಿ ಸಂಭಾಜಿನಗರಕ್ಕೆ (2023ರ ವರೆಗೆ ಇದರ ಹೆಸರು ಔರಂಗಾಬಾದ್) ಹೋಗಿ, ರಾಷ್ಟ್ರಕೂಟರ ಒಂದನೆಯ ಕೃಷ್ಣನು ಬೆಟ್ಟವನ್ನೇ ಕಡಿಸಿ ಮಾಡಿಸಿದ ಎಲ್ಲೋರದ ಕೈಲಾಸ ದೇವಾಲಯವನ್ನು ಕಂಡವರು, ಅದೇ ದಾರಿಯಲ್ಲಿ ಇನ್ನೂ ಮುಂದೆ ಹೋದರೆ ಕನ್ನಡ ಎಂಬ ಹೆಸರಿನ ಊರನ್ನು ಸೇರುತ್ತಾರೆ. ನಮ್ಮ ನುಡಿಯ ಹೆಸರನ್ನೇ ಹೊತ್ತ ಆ ಊರನ್ನು ದಾಟಿದೊಡನೆ ಚಾಳೀಸಗಾಂವದ ಕಡೆಗೆ ಇಳಿಯುವ ಕಡಿದಾದ ಘಾಟು ಎದುರಾಗುತ್ತದೆ. ಇಂತಹ ಘಾಟುಗಳನ್ನು ಇಳಿಯುವಾಗ ಚಾಲಕನ ಕೈಗಳನ್ನಲ್ಲ, ಕಾಲುಗಳನ್ನು ನೋಡಿರಿ. ಒಳ್ಳೆಯ ಚಾಲಕನು ಇಳಿಜಾರು ಆರಂಭವಾಗುವ ಮೊದಲೇ ಕೆಳಗಿನ ಗೇರಿಗೆ ಬಂದು, ಯಂತ್ರದ ಹಿಡಿತದಿಂದಲೇ ಗಾಡಿಯನ್ನು ತಡೆಯುತ್ತ, ಬ್ರೇಕನ್ನು ಆಗೊಮ್ಮೆ ಈಗೊಮ್ಮೆ ಮಾತ್ರ ಒತ್ತುತ್ತಾನೆ. ಅರಿಯದವನು ಬ್ರೇಕಿನ ಮೇಲೆಯೇ ಕಾಲಿಟ್ಟು ಇಳಿಯುತ್ತಾನೆ. ಬ್ರೇಕು ಕಾದು ಕೆಂಪಾಗಿ, ಕೊನೆಗೆ ಬೇಕಾದ ಹೊತ್ತಿಗೆ ಹಿಡಿಯದೆ ಹೋಗುತ್ತದೆ. ನೂರಾರು ಜೀವಗಳು ದಿನವೂ ಈ ಕಾಲುಗಳ ವಿದ್ಯೆಯನ್ನು ನಂಬಿ ಪ್ರಯಾಣ ಮಾಡುತ್ತವೆ.

ನಾಸಿಕದಲ್ಲಿಯೂ ಸಂಭಾಜಿನಗರದಲ್ಲಿಯೂ ಮೋಟಾರು ವಾಹನಗಳನ್ನು ತಯಾರಿಸುವ ದೊಡ್ಡ ಕಾರ್ಖಾನೆಗಳಿವೆ. ನಾಸಿಕದ ಸುತ್ತಿನ ಮಣ್ಣುಹಾದಿಗಳಲ್ಲಿ ರಾಷ್ಟ್ರೀಯ ಮಟ್ಟದ ರ‍್ಯಾಲಿ ಪಂದ್ಯಗಳೂ ನಡೆದಿವೆ. ಆ ಪಂದ್ಯಗಳಲ್ಲಿ ತರುಣರು ಅಭ್ಯಾಸ ಮಾಡುವ ಕಾಲುಗಳ ಚಳಕವನ್ನು, ಹತ್ತಿರ ಹತ್ತಿರ ನೂರು ವರ್ಷಗಳ ಹಿಂದೆಯೇ ತನ್ನ ದೇಹವನ್ನು ಪಣವಾಗಿಟ್ಟು ಸಾಧಿಸಿದವನೊಬ್ಬನಿದ್ದನು. ಇಟಲಿಯ ತಾತ್ಸಿಯೊ ನುವೊಲಾರಿ ಎಂಬ ಆ ಸಾರಥಿಯ ಜೀವನವನ್ನು ಇಲ್ಲಿ ಸಂಗ್ರಹವಾಗಿ ಹೇಳಲಾಗಿದೆ.

ನುವೊಲಾರಿಯು 1892ನೆಯ ಇಸವಿ ನವೆಂಬರ್ 16ರಂದು ಉತ್ತರ ಇಟಲಿಯ ಮಾಂಟುವಾ ನಗರದ ಬಳಿ ಕ್ಯಾಸ್ಟೆಲ್ ದಾರಿಯೊ ಎಂಬ ಹಳ್ಳಿಯಲ್ಲಿ ಜನಿಸಿದನು. ತಂದೆ ಆರ್ತುರೊ ಸೈಕಲ್ ಪಂದ್ಯಗಳಲ್ಲಿ ಭಾಗವಹಿಸುತ್ತಿದ್ದವನು. ಚಿಕ್ಕಪ್ಪ ಜುಸೆಪ್ಪೆಯಂತೂ ಇಟಲಿಯ ಸೈಕಲ್ ವೀರರಲ್ಲಿ ಹೆಸರಾದವನು. ಹೀಗೆ ಪೆಡಲು ತುಳಿಯುವ ಮನೆತನದಲ್ಲಿ ಹುಟ್ಟಿದ ಬಾಲಕನಿಗೆ ವೇಗದ ಹಂಬಲವು ಸಹಜವಾಗಿಯೇ ಬಂದಿತು. ಅವನ ದೇಹ ಮಾತ್ರ ಚಿಕ್ಕದು. ಎತ್ತರ ಕಡಿಮೆ, ಮೈ ತೆಳುವು. ಮೊದಲನೆಯ ಮಹಾಯುದ್ಧದಲ್ಲಿ ಅವನು ಇಟಲಿಯ ಸೈನ್ಯದಲ್ಲಿ ವಾಹನಚಾಲಕನಾಗಿ ಕೆಲಸ ಮಾಡಿದನು. 1917ರಲ್ಲಿ ಕರೋಲಿನಾ ಎಂಬ ಕನ್ಯೆಯನ್ನು ವಿವಾಹವಾದನು. ಜೋರ್ಜೊ, ಆಲ್ಬೆರ್ತೊ ಎಂಬ ಇಬ್ಬರು ಗಂಡುಮಕ್ಕಳಾದರು.

1920ರಲ್ಲಿ, ಇಪ್ಪತ್ತೇಳರ ವಯಸ್ಸಿನಲ್ಲಿ, ಅವನು ಮೊದಲನೆಯ ಮೋಟಾರು ಸೈಕಲ್ ಪಂದ್ಯಕ್ಕೆ ಇಳಿದನು. ಆ ಪಂದ್ಯವನ್ನು ಮುಗಿಸಲೂ ಅವನಿಂದಾಗಲಿಲ್ಲ. ಇತರ ವೀರರು ವಿಶ್ರಾಂತಿಯನ್ನು ಯೋಚಿಸುವ ವಯಸ್ಸಿಗೆ ಇವನ ಕಲಿಕೆ ಆರಂಭವಾಯಿತೆಂಬುದನ್ನು ನೆನಪಿಡಬೇಕು. ಐದು ವರ್ಷಗಳ ಬಿಡದ ಅಭ್ಯಾಸದ ಫಲವಾಗಿ 1925ರಲ್ಲಿ 350 ಸಿ.ಸಿ. ವರ್ಗದ ಮೋಟಾರು ಸೈಕಲ್ಲಿನಲ್ಲಿ ಯುರೋಪಿನ ಪ್ರಥಮ ಸ್ಥಾನ ಅವನಿಗೆ ದೊರೆಯಿತು.

ಅದೇ ವರ್ಷ ಆಲ್ಫಾ ರೋಮಿಯೊ ಕಂಪನಿಯವರು ಅವನನ್ನು ಮೊಂಜಾ ಎಂಬಲ್ಲಿಯ ಪಂದ್ಯಪಥಕ್ಕೆ ಕರೆಸಿ ತಮ್ಮ ಕಾರನ್ನು ಓಡಿಸಿ ನೋಡಲು ಕೊಟ್ಟರು. ಗೇರುಪೆಟ್ಟಿಗೆ ಸಿಕ್ಕಿಬಿದ್ದು ಕಾರು ಹಾದಿ ತಪ್ಪಿತು. ನುವೊಲಾರಿಯ ಬೆನ್ನಿನ ಮಾಂಸ ಹರಿದುಹೋಯಿತು. ಆರು ದಿನಗಳ ತರುವಾಯ ಅದೇ ಮೊಂಜಾದಲ್ಲಿ ಮೋಟಾರು ಸೈಕಲ್ ಪಂದ್ಯವಿದ್ದಿತು. ಮೈತುಂಬ ಬ್ಯಾಂಡೇಜು ಸುತ್ತಿ, ಹೊಟ್ಟೆಗೆ ದಿಂಬು ಕಟ್ಟಿ, ಮೆಕ್ಯಾನಿಕ್ಕರು ಅವನನ್ನು ಎತ್ತಿ ಸೈಕಲ್ಲಿನ ಮೇಲೆ ಕೂರಿಸಿ ತಳ್ಳಿದರು. ಸುರಿಯುವ ಮಳೆಯಲ್ಲಿ ಅವನು ಆ ಪಂದ್ಯವನ್ನು ಗೆದ್ದನು. ಅಂದಿನಿಂದ ಜನರು ಅವನನ್ನು ಭಯವನ್ನೇ ಅರಿಯದವನೆಂದು ಕರೆಯತೊಡಗಿದರು. ಆದರೆ ಭಯವಿಲ್ಲದಿರುವುದೇ ಅವನ ಗುಟ್ಟೆಂದು ತಿಳಿದರೆ ನಾವು ತಪ್ಪುತ್ತೇವೆ. ಭಯವಿಲ್ಲದವರು ಆಗ ಅನೇಕರಿದ್ದರು. ಅವರಲ್ಲಿ ಬಹುಮಂದಿ ಬೇಗನೆ ಸತ್ತರು. ನುವೊಲಾರಿಯ ಗುಟ್ಟು ಅವನ ಪಾದಗಳಲ್ಲಿದ್ದಿತು.

ಅದನ್ನು ತಿಳಿಯಬೇಕಾದರೆ ಅಂದಿನ ಕಾರುಗಳ ರಚನೆಯನ್ನು ಸ್ವಲ್ಪ ನೋಡಬೇಕು. ಕ್ಲಚ್ಚು ಯಂತ್ರವನ್ನೂ ಗಾಲಿಗಳನ್ನೂ ಬೇರ್ಪಡಿಸುವ ಪೆಡಲು. ಬ್ರೇಕು ತಡೆಯುವ ಪೆಡಲು. ಆಕ್ಸಿಲರೇಟರು ವೇಗವನ್ನು ಹೆಚ್ಚಿಸುವ ಪೆಡಲು. ಪೆಡಲುಗಳು ಮೂರು, ಕಾಲುಗಳು ಎರಡೇ. ಅಂದಿನ ಅನೇಕ ಇಟಾಲಿಯನ್ ರೇಸು ಕಾರುಗಳಲ್ಲಿ ಆಕ್ಸಿಲರೇಟರು ನಡುವೆಯೂ ಬ್ರೇಕು ಬಲಕ್ಕೂ ಇರುತ್ತಿದ್ದವು. ಗೇರಿನ ಹಲ್ಲುಗಳ ವೇಗವನ್ನು ತಾನಾಗಿ ಹೊಂದಿಸುವ ಏರ್ಪಾಡು ಆಗಿನ ರೇಸು ಕಾರುಗಳಲ್ಲಿ ಇರಲಿಲ್ಲ. ಆದ್ದರಿಂದ ಮೇಲಿನ ಗೇರಿನಿಂದ ಕೆಳಗಿನ ಗೇರಿಗೆ ಬರುವ ಚಾಲಕನು ಕ್ಲಚ್ಚನ್ನು ಒತ್ತಿ, ಗೇರನ್ನು ನಡುವೆ ಬಿಡಿಸಿ, ಕ್ಲಚ್ಚನ್ನು ಬಿಟ್ಟು, ಆಕ್ಸಿಲರೇಟರನ್ನು ಕ್ಷಣಮಾತ್ರ ತುಳಿದು ಯಂತ್ರದ ವೇಗವನ್ನು ಏರಿಸಿ, ಪುನಃ ಕ್ಲಚ್ಚನ್ನೊತ್ತಿ ಕೆಳಗಿನ ಗೇರನ್ನು ಹಾಕಬೇಕಾಗಿದ್ದಿತು. ಇಷ್ಟನ್ನೂ ತಿರುವಿನ ಮುನ್ನ, ಬ್ರೇಕನ್ನು ಒತ್ತಿ ಹಿಡಿದಿರುವಾಗಲೇ ಮಾಡಬೇಕು. ಅದಕ್ಕಾಗಿ ಬಲಪಾದದ ಒಂದು ಭಾಗ ಬ್ರೇಕಿನ ಮೇಲೆಯೇ ಇರಲು, ಇನ್ನೊಂದು ಭಾಗ ಹೊರಳಿ ಆಕ್ಸಿಲರೇಟರನ್ನು ತಟ್ಟುತ್ತದೆ. ಇಂಗ್ಲಿಷಿನವರು ಇದನ್ನು ಹೀಲ್ ಅಂಡ್ ಟೋ, ಎಂದರೆ ಹಿಮ್ಮಡಿ ಮತ್ತು ಬೆರಳಿನ ಚಾಲನೆ ಎಂದು ಕರೆಯುತ್ತಾರೆ. ಯಂತ್ರದ ವೇಗವೂ ಗಾಲಿಗಳ ವೇಗವೂ ಹೊಂದದೆ ಹೋದರೆ ಹಿಂದಿನ ಗಾಲಿಗಳು ತಟ್ಟನೆ ತಡೆಹಿಡಿಯಲ್ಪಟ್ಟು ಗಾಡಿ ಅಡ್ಡಕ್ಕೆ ಜಾರುತ್ತದೆ. ಮನೆಯ ಮಗುವನ್ನು ಮಡಿಲಿನಿಂದ ತೊಟ್ಟಿಲಿಗೆ ಎಚ್ಚರವಾಗದಂತೆ ಇಳಿಸುವ ತಾಯಿಯ ಹಾಗೆ, ಬಲ್ಲ ಚಾಲಕನು ಗಾಡಿಗೆ ತಿಳಿಯದಂತೆ ಗೇರನ್ನು ಬದಲಿಸುತ್ತಾನೆ.

ಇನ್ನೊಂದು ಸಂಗತಿಯಿದೆ. ಟಾಯರು ನೆಲವನ್ನು ಹಿಡಿಯುವ ಶಕ್ತಿಗೆ ಮಿತಿಯುಂಟು. ತಿಂಗಳ ಸಂಬಳದಲ್ಲಿ ಬಾಡಿಗೆಗೆ ಹೆಚ್ಚು ಕೊಟ್ಟರೆ ದಿನಸಿಗೆ ಕಡಿಮೆ ಉಳಿಯುವಂತೆ, ಆ ಶಕ್ತಿಯನ್ನೆಲ್ಲ ಬ್ರೇಕಿಗೆ ವೆಚ್ಚಮಾಡಿದರೆ ತಿರುಗಲು ಉಳಿಯುವುದಿಲ್ಲ. ತಿರುಗುತ್ತಿರುವಾಗ ಆಕ್ಸಿಲರೇಟರನ್ನು ಒಮ್ಮೆಗೇ ತುಳಿದರೆ ಹಿಂದಿನ ಗಾಲಿಗಳು ಹಿಡಿತ ತಪ್ಪುತ್ತವೆ. ಬ್ರೇಕನ್ನೊತ್ತಿದಾಗ ಭಾರವು ಮುಂದಿನ ಗಾಲಿಗಳಿಗೂ, ಆಕ್ಸಿಲರೇಟರನ್ನು ತುಳಿದಾಗ ಹಿಂದಿನ ಗಾಲಿಗಳಿಗೂ ಸರಿಯುತ್ತದೆ. ಹೀಗೆ ಪೆಡಲುಗಳು ಗಾಡಿಯ ತೂಕದ ತಕ್ಕಡಿಯೂ ಹೌದು. ತುಂಬಿದ ಕೊಡವನ್ನು ತಲೆಯ ಮೇಲೆ ಹೊತ್ತು ನಡೆಯುವವಳು ನೀರು ತುಳುಕದಂತೆ ಹೆಜ್ಜೆಯಿಡುವುದಿಲ್ಲವೇ, ಹಾಗೆಯೇ ಪಾದಗಳು ಅಳತೆ ತಪ್ಪದೆ ಒತ್ತಬೇಕು, ಅಳತೆ ತಪ್ಪದೆ ಬಿಡಬೇಕು.

ನುವೊಲಾರಿಯು ಈ ತಕ್ಕಡಿಯನ್ನು ಬೇರೆ ಯಾರೂ ಹಿಡಿಯದ ರೀತಿಯಲ್ಲಿ ಹಿಡಿದನು. 1931ರಲ್ಲಿ ಇಟಲಿಯ ಅಪೆನೈನ್ ಬೆಟ್ಟಗಳಲ್ಲಿ ಮೂರು ಪ್ರಾಂತಗಳ ಪಂದ್ಯವೆಂಬುದು ನಡೆಯಿತು. ತರುವಾಯ ಜಗತ್ಪ್ರಸಿದ್ಧನಾದ ಎಂಜೊ ಫೆರಾರಿಯು ಆಗ ತಾನೂ ಚಾಲಕನಾಗಿದ್ದು, ಅಭ್ಯಾಸದ ವೇಳೆಯಲ್ಲಿ ನುವೊಲಾರಿಯ ಪಕ್ಕದಲ್ಲಿ ಕುಳಿತು ಹೋದನು. ಮೊದಲನೆಯ ತಿರುವಿನಲ್ಲಿಯೇ ಗಾಡಿ ಹಳ್ಳಕ್ಕೆ ಬೀಳುವುದು ಖಂಡಿತವೆಂದು ಅವನಿಗೆ ತೋರಿತು. ನುವೊಲಾರಿಯು ಎಲ್ಲರಿಗಿಂತ ಮೊದಲೇ ಗಾಡಿಯ ಮೂತಿಯನ್ನು ಒಳಬದಿಗೆ ತಿರುಗಿಸಿ, ನಾಲ್ಕೂ ಗಾಲಿಗಳು ಅಳತೆಗೆ ತಕ್ಕಂತೆ ಜಾರುವಂತೆ ಬಿಟ್ಟು, ಕಾಲನ್ನು ಆಕ್ಸಿಲರೇಟರಿನಿಂದ ತೆಗೆಯದೆ, ಆ ಜಾರುವಿಕೆಯನ್ನು ಆಳುತ್ತಿದ್ದನು. ತಿರುವು ಮುಗಿಯುವ ಹೊತ್ತಿಗೆ ಗಾಡಿ ತಾನಾಗಿ ನೇರವಾದ ದಾರಿಗೆ ಮುಖಮಾಡಿ ನಿಂತಿರುತ್ತಿತ್ತು. ತಿರುವಿನಿಂದ ತಿರುವಿಗೆ ಹೀಗೆಯೇ ನಡೆದುದನ್ನು ಕಂಡು ಫೆರಾರಿಯ ದಿಗಿಲು ಬೆರಗಾಗಿ ಮಾರ್ಪಟ್ಟಿತು. ಮುಂದೆ ಅವನು ತನ್ನ ನೆನಪುಗಳಲ್ಲಿ ಈ ಸಂಗತಿಯನ್ನು ವಿವರವಾಗಿ ಬರೆದಿಟ್ಟನು.

ಪಂದ್ಯದ ದಿನ ಇನ್ನೊಂದು ವಿಚಿತ್ರ ನಡೆಯಿತೆಂದು ಹೇಳುತ್ತಾರೆ. ರೈಲುಹಾದಿಯನ್ನು ದಾಟುವಾಗ ಗಾಡಿ ಎಗರಿಬಿದ್ದು ಆಕ್ಸಿಲರೇಟರಿನ ಸಂಬಂಧವೇ ಮುರಿಯಿತು. ಪಕ್ಕದಲ್ಲಿದ್ದ ಮೆಕ್ಯಾನಿಕ್ ದೆಚಿಮೊ ಕಂಪಾನ್ಯೋನಿಯು ಸೊಂಟದ ಬೆಲ್ಟನ್ನು ಬಿಚ್ಚಿ ಯಂತ್ರಕ್ಕೆ ಕಟ್ಟಿ ಕೈಯಿಂದ ಎಳೆಯುತ್ತ ಬಂದನು. ಚಕ್ರ ಒಬ್ಬನ ಕೈಯಲ್ಲಿ, ವೇಗ ಇನ್ನೊಬ್ಬನ ಕೈಯಲ್ಲಿ! ಯಾವಾಗ ಎಳೆಯಬೇಕು, ಯಾವಾಗ ಬಿಡಬೇಕು ಎಂಬುದನ್ನು ನುವೊಲಾರಿಯು ಸನ್ನೆಯಿಂದ ತಿಳಿಸುತ್ತಿದ್ದನು. ಹೀಗೆ ಬೆಟ್ಟದ ಹಾದಿಯನ್ನು ಕ್ರಮಿಸಿ, ತನಗಿಂತ ದೊಡ್ಡ ಕಾರಿನಲ್ಲಿದ್ದ ಫೆರಾರಿಯನ್ನೇ ಅವನು ಹಿಂದೆ ಹಾಕಿ ಗೆದ್ದನು. ಕಾಲಿನ ಅಳತೆಯು ಮನಸ್ಸಿನಲ್ಲಿ ಎಷ್ಟು ಸ್ಪಷ್ಟವಾಗಿದ್ದರೆ ಅದನ್ನು ಇನ್ನೊಬ್ಬರ ಕೈಯಿಂದ ಮಾಡಿಸಲು ಸಾಧ್ಯ!

1932ರಲ್ಲಿ ಅವನು ಮೊನಾಕೊ, ಇಟಲಿ, ಫ್ರಾನ್ಸುಗಳ ಗ್ರಾಂಡ್ ಪ್ರಿ ಪಂದ್ಯಗಳನ್ನು ಗೆದ್ದು ಯುರೋಪಿನ ಚಾಂಪಿಯನ್ನನಾದನು. ಇಟಲಿಯ ಕವಿ ದಾನುನ್ಸಿಯೊ ಅವನಿಗೆ ಚಿನ್ನದ ಪುಟ್ಟ ಆಮೆಯೊಂದನ್ನು ಕೊಟ್ಟನು. ಅತ್ಯಂತ ವೇಗದ ಮನುಷ್ಯನಿಗೆ ಅತ್ಯಂತ ನಿಧಾನದ ಪ್ರಾಣಿ ಎಂಬುದು ಆ ಉಡುಗೊರೆಯ ಭಾವ. ನುವೊಲಾರಿಯು ಅದನ್ನು ತನ್ನ ಲಾಂಛನ ಮಾಡಿಕೊಂಡನು. ಹಳದಿ ಅಂಗಿ, ನೀಲಿ ಷರಾಯಿ, ಎದೆಯ ಮೇಲೆ ಆಮೆ: ಇದು ಅವನ ಪಂದ್ಯದ ವೇಷ.

1933ರಲ್ಲಿ ರೇಮಂ ಸೊಮೇ ಎಂಬುವನ ಜೊತೆಗೂಡಿ ಫ್ರಾನ್ಸಿನ ಲ ಮಾನ್ ಎಂಬಲ್ಲಿ 24 ಗಂಟೆಗಳ ಪಂದ್ಯವನ್ನು ಗೆದ್ದನು. ಅದೇ ವರ್ಷ ಉತ್ತರ ಐರ್ಲೆಂಡಿನ ಬೆಲ್‌ಫಾಸ್ಟ್ ಬಳಿಯ ಟೂರಿಸ್ಟ್ ಟ್ರೋಫಿ ಪಂದ್ಯಕ್ಕೆ ಇಂಗ್ಲಿಷರು ಅವನಿಗೆ ಎಂ.ಜಿ. ಎಂಬ ಚಿಕ್ಕ ಕಾರನ್ನು ಕೊಟ್ಟರು. ಅದರ ಗೇರಿನ ಏರ್ಪಾಡೇ ಬೇರೆ. ಮುಂದೆ ಬೇಕಾಗುವ ಗೇರನ್ನು ಸಣ್ಣ ಸನ್ನೆಕೋಲಿನಿಂದ ಮೊದಲೇ ಆರಿಸಿಟ್ಟು, ಬೇಕಾದಾಗ ಪೆಡಲನ್ನೊತ್ತಿದರೆ ಮಾತ್ರ ಅದು ಬೀಳುತ್ತಿತ್ತು. ಬಹಳ ವರ್ಷಗಳಿಂದ ಕಾಲಿಗೆ ರೂಢಿಯಾದುದನ್ನೆಲ್ಲ ಮರೆತು ಹೊಸದಾಗಿ ಕಲಿಯಬೇಕಾಯಿತು. ನಲವತ್ತು ದಾಟಿದ ಚಾಂಪಿಯನ್ನನು ವಿದ್ಯಾರ್ಥಿಯಂತೆ ಕಲಿತನು, ಗೆದ್ದನು.

ಆದರೆ ನಿಜವಾದ ಪರೀಕ್ಷೆ ಬಂದುದು 1934ರ ಏಪ್ರಿಲಿನಲ್ಲಿ. ಅಲೆಸಾಂಡ್ರಿಯ ನಗರದ ಪಂದ್ಯದಲ್ಲಿ, ಮಳೆಯಲ್ಲಿ, ಅವನ ಮಸೆರಾಟಿ ಕಾರು ಅಪಘಾತಕ್ಕೀಡಾಗಿ ಕಾಲು ಮುರಿಯಿತು. ವಿದ್ಯೆಯ ಸ್ಥಾನವೇ ಮುರಿದಂತಾಯಿತು. ಆಸ್ಪತ್ರೆಯ ಹಾಸಿಗೆಯಲ್ಲಿ ನಾಲ್ಕು ವಾರಗಳು ಕಳೆದವು. ಮೇ ಕೊನೆಗೆ ಬರ್ಲಿನ್ನಿನ ಆವುಸ್ ಪಂದ್ಯವಿದ್ದಿತು. ಎಡಗಾಲು ಇನ್ನೂ ಪ್ಲಾಸ್ಟರಿನಲ್ಲಿದ್ದಿತು. ನುವೊಲಾರಿಯು ಕಾರಿನ ಪೆಡಲುಗಳನ್ನು ಬದಲಾಯಿಸಿ, ಕ್ಲಚ್ಚು, ಬ್ರೇಕು, ಆಕ್ಸಿಲರೇಟರು ಮೂರನ್ನೂ ಬಲಗಾಲೊಂದರಿಂದಲೇ ನಡೆಸಲು ಬರುವಂತೆ ಮಾಡಿಸಿಕೊಂಡನು. ಎರಡು ಕಾಲುಗಳಿಗೂ ಸಾಲದ ಕೆಲಸವನ್ನು ಒಂದೇ ಕಾಲು ಮಾಡಬೇಕಾಯಿತು. ಆವುಸ್ ಎಂಬುದು ಉದ್ದವಾದ ಎರಡು ನೇರ ಹಾದಿಗಳ ಕೊನೆಗಳನ್ನು ತಿರುವುಗಳಿಂದ ಕೂಡಿಸಿದ ಪಥವಾದುದರಿಂದ ಗೇರು ಬದಲಿಸುವ ಸಂದರ್ಭಗಳು ಕಡಿಮೆ. ಆದರೂ ಸುಮಾರು 290 ಕಿಲೊಮೀಟರುಗಳ ಆ ಓಟದಲ್ಲಿ ಕಾಲು ಸೆಟೆದು ನೋವು ತಡೆಯಲಾಗದಂತಾಯಿತು. ಅವನು ಐದನೆಯವನಾಗಿ ಮುಗಿಸಿದನು. ಗೆದ್ದ ಪಂದ್ಯಗಳಿಗಿಂತ ಈ ಐದನೆಯ ಸ್ಥಾನವು ಅವನ ವಿದ್ಯೆಯನ್ನು ಹೆಚ್ಚಾಗಿ ತೋರಿಸುತ್ತದೆ. ಇದನ್ನು ಬರೆಯುವಾಗ ಒಂದು ಮಾತನ್ನು ಮರೆಮಾಚಬಾರದು: ಇಂತಹ ಸಾಹಸ ಅನುಕರಣೀಯವಲ್ಲ. ವೈದ್ಯರ ಮಾತನ್ನು ಮೀರಿ ಗಾಡಿಯೇರುವವನು ತನ್ನ ಜೀವವನ್ನಷ್ಟೇ ಅಲ್ಲ, ಪರರ ಜೀವವನ್ನೂ ಪಣಕ್ಕಿಡುತ್ತಾನೆ. ನಾವು ಕಲಿಯಬೇಕಾದುದು ಆ ಕಾಲಿನ ಶಿಕ್ಷಣವನ್ನು, ಆ ಹಟವನ್ನಲ್ಲ.

ಮರುವರ್ಷ, 1935ರ ಜುಲೈ 28ರಂದು, ಬಾಹುಕನ ಬಡಕಲು ಕುದುರೆಗಳ ಕಥೆ ಜರ್ಮನಿಯಲ್ಲಿ ಪುನಃ ನಡೆಯಿತು. ನ್ಯೂರ್‌ಬುರ್ಗ್‌ರಿಂಗ್ ಎಂಬ ಪಥವು ಬೆಟ್ಟಕಾಡುಗಳ ನಡುವೆ ಒಂದು ಸುತ್ತಿಗೆ 22 ಕಿಲೊಮೀಟರುಗಳಿಗೂ ಮೀರಿದುದು, ನೂರಾರು ತಿರುವುಗಳುಳ್ಳದ್ದು. ಜರ್ಮನ್ ಸರ್ಕಾರದ ಬೆಂಬಲ ಪಡೆದ ಮರ್ಸಿಡಿಸ್ ಮತ್ತು ಆಟೊ ಯೂನಿಯನ್ ಕಾರುಗಳ ಮುಂದೆ ನುವೊಲಾರಿಯ ಹಳೆಯ ಆಲ್ಫಾ ಸುಮಾರು 100 ಅಶ್ವಶಕ್ತಿಯಷ್ಟು ದುರ್ಬಲವಾಗಿದ್ದಿತು. ನಡುವೆ ಪೆಟ್ರೋಲು ತುಂಬಿಸಲು ನಿಂತಾಗ ಪಂಪು ಮುರಿದು ಎರಡು ನಿಮಿಷಗಳಿಗೂ ಹೆಚ್ಚು ಕಾಲ ವ್ಯರ್ಥವಾಯಿತು. ಅವನು ಆರನೆಯ ಸ್ಥಾನಕ್ಕೆ ಬಿದ್ದನು. ಅಲ್ಲಿಂದ ಒಬ್ಬೊಬ್ಬರನ್ನಾಗಿ ದಾಟಿ, ಕೊನೆಯ ಸುತ್ತಿನಲ್ಲಿ ಎರಡನೆಯವನಾಗಿ, ಮುಂದಿದ್ದ ಫಾನ್ ಬ್ರೌಖಿಚ್ಚನನ್ನು ಬೆನ್ನಟ್ಟಿದನು. ಮುಂದಿನವನ ಕಾರಿಗೆ ಬಲವಿದ್ದಿತು, ಆದರೆ ಟಾಯರುಗಳು ಸವೆದುಹೋಗಿದ್ದವು. ಗುರಿ ಇನ್ನೇನು ಕೆಲವು ಕಿಲೊಮೀಟರುಗಳಿರುವಾಗ ಒಂದು ಟಾಯರು ಸಿಡಿಯಿತು. ಲಕ್ಷಾಂತರ ಜರ್ಮನರು ತಮ್ಮವನಿಗಾಗಿ ಕಾಯುತ್ತಿರಲು, ಚಿಕ್ಕ ಕೆಂಪು ಕಾರೊಂದು ಒಂಟಿಯಾಗಿ ಬಂದು ಗುರಿಯನ್ನು ದಾಟಿತು. ದೈವವೂ ನೆರವಾಯಿತು, ನಿಜ. ಆದರೆ ಅಷ್ಟು ಸಮೀಪದಲ್ಲಿ ಇರದವನಿಗೆ ದೈವವು ನೆರವಾಗುವುದಾದರೂ ಹೇಗೆ?

1938ರಲ್ಲಿ ಅವನು ಅದೇ ಆಟೊ ಯೂನಿಯನ್ನಿಗೆ ಸೇರಿದನು. ಆ ಕಾರಿನ ಯಂತ್ರ ಚಾಲಕನ ಬೆನ್ನಹಿಂದೆ ಇದ್ದಿತು; ಅದರ ತೂಕ ಸರಿಯುವ ರೀತಿಯೇ ಬೇರೆ. ನಲವತ್ತೈದರ ವಯಸ್ಸಿನಲ್ಲಿ ಪುನಃ ಪಾದಗಳ ಪಾಠವನ್ನು ಮೊದಲಿನಿಂದ ಕಲಿತು, ಅದೇ ವರ್ಷ ಇಟಲಿ ಮತ್ತು ಡಾನಿಂಗ್ಟನ್ ಪಂದ್ಯಗಳನ್ನು ಗೆದ್ದನು. 1939ರ ಸೆಪ್ಟೆಂಬರ್ 3ರಂದು ಬೆಲ್‌ಗ್ರೇಡಿನಲ್ಲಿ ಅವನು ಗೆದ್ದ ದಿನವೇ ಬ್ರಿಟನ್ ಜರ್ಮನಿಯ ಮೇಲೆ ಯುದ್ಧವನ್ನು ಸಾರಿತು, ಪಂದ್ಯಗಳು ನಿಂತವು.

ಹೊರಗಿನ ಕೀರ್ತಿ ಹೀಗಿರಲು ಮನೆಯ ದೀಪಗಳು ಒಂದೊಂದಾಗಿ ಆರಿದವು. ಹಿರಿಯ ಮಗ ಜೋರ್ಜೊ 1937ರಲ್ಲಿ, ಕಿರಿಯ ಮಗ ಆಲ್ಬೆರ್ತೊ 1946ರಲ್ಲಿ, ಇಬ್ಬರೂ ಇಪ್ಪತ್ತು ತುಂಬುವ ಮುನ್ನವೇ ರೋಗದಿಂದ ತೀರಿಕೊಂಡರು. ಹತ್ತಾರು ಅಪಘಾತಗಳಲ್ಲಿ ಮೃತ್ಯುವಿನಿಂದ ತಪ್ಪಿಸಿಕೊಂಡ ತಂದೆಗೆ, ಗಾಡಿಯನ್ನೇರದ ಮಕ್ಕಳನ್ನು ಉಳಿಸಿಕೊಳ್ಳಲಾಗಲಿಲ್ಲ. ಬಹುಕಾಲ ಯಂತ್ರದ ಹೊಗೆ ಕುಡಿದು ಅವನ ಶ್ವಾಸಕೋಶವೂ ಕೆಟ್ಟಿದ್ದಿತು. ಆದರೂ 1947ರಲ್ಲಿ ಸಾವಿರ ಮೈಲಿಗಳ ಮಿಲ್ಲೆ ಮಿಲ್ಯಾ ಪಂದ್ಯದಲ್ಲಿ ಚಿಕ್ಕ ಕಾರಿನಿಂದ ಎರಡನೆಯ ಸ್ಥಾನ ಪಡೆದನು. 1950ರ ಏಪ್ರಿಲಿನಲ್ಲಿ ಸಿಸಿಲಿಯ ಪೆಲ್ಲೆಗ್ರೀನೊ ಬೆಟ್ಟವನ್ನೇರುವ ಪಂದ್ಯದಲ್ಲಿ ತನ್ನ ವರ್ಗವನ್ನು ಗೆದ್ದುದೇ ಅವನ ಕೊನೆಯ ಓಟ. 1953ರ ಆಗಸ್ಟ್ 11ರಂದು ಪಾರ್ಶ್ವವಾಯುವಿನಿಂದ ಮಾಂಟುವಾದಲ್ಲಿ ತೀರಿಕೊಂಡನು. ಅವನನ್ನು ಬೀಳ್ಕೊಡಲು ಊರಿಗೆ ಊರೇ ನೆರೆಯಿತು.

ಪ್ರಿಯ ವಿದ್ಯಾರ್ಥಿಗಳೇ, ಇಂದಿನ ಕಾರುಗಳಲ್ಲಿ ಗೇರಿನ ಹಲ್ಲುಗಳನ್ನು ಹೊಂದಿಸುವ ಏರ್ಪಾಡೂ, ಗಾಲಿ ತಡೆಗಟ್ಟಿ ಜಾರದಂತೆ ಕಾಯುವ ಬ್ರೇಕೂ ಬಂದಿವೆ. ಕ್ಲಚ್ಚೇ ಇಲ್ಲದ ಗಾಡಿಗಳೂ ಹೆಚ್ಚುತ್ತಿವೆ. ಆದರೂ ಭಾರವು ಮುಂದಕ್ಕೂ ಹಿಂದಕ್ಕೂ ಸರಿಯುವ ನಿಯಮವು ಬದಲಾಗಿಲ್ಲ. ನಮ್ಮ ದೇಶದ ಕಾನೂನಿನಂತೆ ಹದಿನೆಂಟು ತುಂಬದೆ ಕಾರನ್ನು ನಡೆಸುವಂತಿಲ್ಲ. ಅಲ್ಲಿಯ ವರೆಗೆ ಪ್ರಯಾಣಿಕರಾಗಿ ಕುಳಿತು ನೋಡಿರಿ. ಪಂದ್ಯದ ಚಳಕವನ್ನು ಕಲಿಯಬಯಸುವವರು ಮುಂದೆ ಮುಚ್ಚಿದ ಪಂದ್ಯಪಥದಲ್ಲಿ, ಬಲ್ಲ ಗುರುವಿನ ಬಳಿ ಮಾತ್ರ ಕಲಿಯಬೇಕು. ಹತ್ತು ಜನ ನಡೆದಾಡುವ ಬೀದಿ ಅದಕ್ಕೆ ಸ್ಥಳವಲ್ಲ. ಮುಂದಿನ ಸಲ ಕಸಾರಾ ಘಾಟನ್ನೊ ಕನ್ನಡದ ಘಾಟನ್ನೊ ಇಳಿಯುವಾಗ ನಿಮ್ಮ ಬಸ್ಸು ಕುಲುಕದೆ, ಬೆಚ್ಚದೆ ಕೆಳಗೆ ಬಂದು ನಿಂತರೆ, ಇಳಿಯುವ ಮುನ್ನ ಆ ಚಾಲಕನಿಗೊಂದು ನಮಸ್ಕಾರವನ್ನು ಹೇಳಿರಿ. ಅವನ ಎದೆಯ ಮೇಲೆ ಚಿನ್ನದ ಆಮೆ ಇರುವುದಿಲ್ಲ. ಆದರೆ ಅವನ ಕಾಲುಗಳು ಬಲ್ಲ ವಿದ್ಯೆ ನುವೊಲಾರಿಯ ಕಾಲುಗಳು ಬಲ್ಲ ವಿದ್ಯೆಯ ಬಳಗಕ್ಕೇ ಸೇರಿದುದು.